ಮನಸ್ಸನ್ನು ಬೈಯುವ ಮೊದಲು ಮಂಡಿ ನೋಡಿಕೊಳ್ಳಿ

"ಮೇಷ್ಟ್ರೇ, ಮನಸ್ಸೇ ನಿಲ್ಲುವುದಿಲ್ಲ." ಧ್ಯಾನಕ್ಕೆಂದು ಹೊಸದಾಗಿ ಬಂದವರು ಮೊದಲ ವಾರ ಹೇಳುವ ಮಾತು ಹೆಚ್ಚುಕಡಿಮೆ ಇದೇ. ಅವರು ಇದನ್ನು ಹೇಳುವಾಗ ನಾನು ಮುಖ ನೋಡುವುದಿಲ್ಲ, ಸೊಂಟ ನೋಡುತ್ತೇನೆ. ಬೆನ್ನು ಗೂನಾಗಿರುತ್ತದೆ, ಮಂಡಿಗಳು ಎದೆಯ ಮಟ್ಟಕ್ಕೆ ಎದ್ದಿರುತ್ತವೆ, ಹಿಂದಕ್ಕೆ ಉರುಳದಿರಲು ಎರಡೂ ಕೈಗಳಿಂದ ಮೊಣಕಾಲು ಹಿಡಿದುಕೊಂಡಿರುತ್ತಾರೆ. ಹಾಗೆ ಕುಳಿತರೆ ಯಾವ ಋಷಿಯ ಮನಸ್ಸೂ ನಿಲ್ಲದು. ಬೀಳದಂತೆ ನೋಡಿಕೊಳ್ಳುವ ಕೆಲಸವನ್ನೇ ಅದಕ್ಕೆ ಹಚ್ಚಿದ್ದೀರಿ, ಪಾಪ, ಅದು ಮಾಡುತ್ತಿದೆ.

ನಾನು ದಾವಣಗೆರೆಯ ಹೈಸ್ಕೂಲೊಂದರಲ್ಲಿ ಡ್ರಿಲ್ ಮೇಷ್ಟ್ರಾಗಿದ್ದವನು. ನಿವೃತ್ತಿಯ ನಂತರ ನಮ್ಮ ಬಡಾವಣೆಯ ಸಮುದಾಯ ಭವನದ ಮಹಡಿಯಲ್ಲಿ ಬೆಳಗಿನ ಹೊತ್ತು ಆಸಕ್ತಿ ಇದ್ದವರನ್ನು ಕೂರಿಸುತ್ತೇನೆ. ವೇದಾಂತ ಹೇಳುವಷ್ಟು ಓದಿದವನಲ್ಲ. ಸಾವಧಾನ್, ವಿಶ್ರಾಮ್ ಎಂದು ಕೂಗುತ್ತಾ ಮಕ್ಕಳ ಕೈಕಾಲು ನೋಡುತ್ತಲೇ ನೌಕರಿ ಮುಗಿಯಿತು. ಆ ಅಭ್ಯಾಸದಿಂದ ನನಗೆ ಅನ್ನಿಸಿದ್ದು ಇಷ್ಟು: ಧ್ಯಾನ ಶುರುಮಾಡಿ ಬಿಟ್ಟವರಲ್ಲಿ ಹೆಚ್ಚಿನವರು ಸೋತಿದ್ದು ಮನಸ್ಸಿಗಲ್ಲ, ಮಂಡಿಗೆ, ಹೊಟ್ಟೆಗೆ, ನಿದ್ದೆಗೆ, ಗಡಿಯಾರಕ್ಕೆ. ಈ ನಾಲ್ಕನ್ನೂ ಮನೆಯಲ್ಲೇ ಸರಿಮಾಡಿಕೊಳ್ಳಬಹುದು.

ಇದು ಡ್ರಿಲ್ ಮೇಷ್ಟ್ರ ಮೊಂಡುವಾದ ಎನ್ನುವವರಿಗೆ ಒಂದು ಸಾಕ್ಷಿ ಕೊಡುತ್ತೇನೆ. ಪತಂಜಲಿ ಯೋಗಸೂತ್ರದ ಮೊದಲ ಪಾದದಲ್ಲಿ ಸಾಧಕನ ಅಡ್ಡಿಗಳನ್ನು ಎಣಿಸಿದ್ದಾನೆ. ಒಟ್ಟು ಒಂಬತ್ತು. ಪಟ್ಟಿಯ ಮೊದಲ ಹೆಸರು ವ್ಯಾಧಿ, ಅಂದರೆ ಮೈಯ ಕಾಯಿಲೆ. ಸಂಶಯ ಬರುವುದು ಮೂರನೆಯದಾಗಿ, ಆಲಸ್ಯ ಐದನೆಯದಾಗಿ. ಅದರ ಬೆನ್ನಿಗೇ ಬರುವ ಸೂತ್ರದಲ್ಲಿ ಈ ಅಡ್ಡಿಗಳ ಜೊತೆಗೆ ಬರುವ ತೊಂದರೆಗಳನ್ನು ಹೇಳುವಾಗ ಮೈ ನಡುಗುವುದನ್ನೂ ಉಸಿರಾಟ ಏರುಪೇರಾಗುವುದನ್ನೂ ಸೇರಿಸಿದ್ದಾನೆ. ಅಷ್ಟು ಹಿಂದಿನವನೇ ಮೈಯನ್ನು ಮರೆಯಲಿಲ್ಲ ಎಂದಮೇಲೆ ನಾವು ಮರೆತು ಕೂರುವುದರಲ್ಲಿ ಅರ್ಥವಿಲ್ಲ.

ಕೂರುವ ಬಗೆ

ಪದ್ಮಾಸನ ಬೇಡ. ಕ್ಯಾಲೆಂಡರಿನಲ್ಲಿ ಎಲ್ಲ ಯೋಗಿಗಳೂ ಪದ್ಮಾಸನದಲ್ಲೇ ಇರುವುದರಿಂದ ಜನ ಅದನ್ನೇ ಧ್ಯಾನ ಎಂದುಕೊಂಡಿದ್ದಾರೆ. ವರ್ಷಗಟ್ಟಲೆ ಕುರ್ಚಿಯಲ್ಲಿ ಕುಳಿತು ದುಡಿದವರ ಸೊಂಟದ ಕೀಲು ಅಷ್ಟು ತಿರುಗುವುದಿಲ್ಲ. ತಿರುಗದ್ದನ್ನು ಬಲವಂತದಿಂದ ಎಳೆದರೆ ಆ ತಿರುಚು ಮಂಡಿಗೆ ಇಳಿಯುತ್ತದೆ. ಮಂಡಿ ಮುಖ್ಯವಾಗಿ ಮಡಚುವುದಕ್ಕೂ ನೀಡುವುದಕ್ಕೂ ಇರುವ ಕೀಲು. ತಿರುಚಿದರೆ ಅದು ಸಹಿಸುವುದಿಲ್ಲ.

ಮಾಡಬೇಕಾದದ್ದು ಸೊಂಟವನ್ನು ಮಂಡಿಗಿಂತ ಎತ್ತರಕ್ಕೆ ತರುವುದು. ಹಳೆಯ ಜಮಖಾನೆಯನ್ನೋ ದಪ್ಪ ಕಂಬಳಿಯನ್ನೋ ಮಡಚಿ ಮಡಚಿ ಐದಾರು ಬೆರಳಿನಷ್ಟು ಎತ್ತರ ಮಾಡಿ. ಅದರ ನಡುಮಧ್ಯದಲ್ಲಿ ಕೂರಬೇಡಿ. ಮುಂದಿನ ಅಂಚಿಗೆ ಬಂದು, ಕೂರುವ ಮೂಳೆಗಳು ಅಂಚಿನ ಮೇಲೆ ಬರುವಂತೆ ಕುಳಿತು, ಕಾಲುಗಳನ್ನು ಒಂದರ ಮುಂದೆ ಒಂದು ನೆಲಕ್ಕೆ ತಾಗಿಸಿ ಇಡಿ. ಒಂದರ ಮೇಲೊಂದು ಹೇರಬೇಡಿ. ಆಗ ಮಂಡಿಗಳು ತಾವಾಗಿ ಕೆಳಗಿಳಿಯುತ್ತವೆ. ಸೊಂಟ ತುಸು ಮುಂದಕ್ಕೆ ವಾಲುತ್ತದೆ, ಬೆನ್ನಿನ ಕೆಳಭಾಗದ ಸಹಜವಾದ ಬಾಗು ಉಳಿಯುತ್ತದೆ, ಉಳಿದ ಬೆನ್ನು ಅದರ ಮೇಲೆ ಸುಮ್ಮನೆ ನಿಲ್ಲುತ್ತದೆ. ಮಂಡಿ ಇನ್ನೂ ಗಾಳಿಯಲ್ಲೇ ಇದ್ದರೆ ಅದರ ಅಡಿಗೆ ಟವೆಲ್ ಸುತ್ತಿ ಕೊಡಿ. ಸ್ಪಂಜಿನ ದಿಂಬು ಪ್ರಯೋಜನವಿಲ್ಲ, ಕುಳಿತ ಕೂಡಲೇ ಕುಸಿಯುತ್ತದೆ. ಹತ್ತಿ ತುಂಬಿದ ಗಟ್ಟಿ ದಿಂಬು ಆಗಬಹುದು.

ಸರಿ ಕುಳಿತಿದ್ದೀರೋ ಇಲ್ಲವೋ ತಿಳಿಯಲು ಕನ್ನಡಿ ಬೇಕಿಲ್ಲ. ಅಂಗೈಯನ್ನು ಹಿಂದಕ್ಕೆ ಒಯ್ದು ಸೊಂಟದ ಮಟ್ಟದಲ್ಲಿ ಬೆನ್ನಿಗೆ ಒತ್ತಿ. ತುಸು ತಗ್ಗು ಸಿಕ್ಕರೆ ಸರಿಯಾಗಿದೆ. ಬೆನ್ನುಮೂಳೆಯ ಗಂಟುಗಳು ಸಾಲಾಗಿ ಹೊರಚಾಚಿ ಕೈಗೆ ಸಿಕ್ಕರೆ ಇನ್ನೊಂದು ಮಡಿಕೆ ಸೇರಿಸಿ.

ನೆಲದ ಮೇಲೆ ಕೂರಲಾಗದವರು ಕುರ್ಚಿಯಲ್ಲಿ ಕೂರಲಿ. ಇದರಲ್ಲಿ ನಾಚಿಕೆ ಏಕೋ ಗೊತ್ತಿಲ್ಲ, ಮದುವೆ ಮನೆಯಲ್ಲಿ ಎಲ್ಲರೂ ಮೇಜಿನ ಊಟಕ್ಕೇ ಕೂರುತ್ತಾರೆ. ಆದರೆ ಪ್ಲಾಸ್ಟಿಕ್ ಕುರ್ಚಿಯ ಪೀಠ ಹಿಂದಕ್ಕೆ ಇಳಿಜಾರಾಗಿರುತ್ತದೆ, ಅದರಲ್ಲಿ ಬೆನ್ನು ಜಾರಿ ಮತ್ತೆ ಗೂನಾಗುತ್ತದೆ. ಪೀಠದ ಹಿಂಭಾಗಕ್ಕೆ ಮಡಚಿದ ಟವೆಲ್ ಹಾಕಿ ಮಟ್ಟ ಮಾಡಿಕೊಳ್ಳಿ. ಪಾದ ಪೂರ್ತಿ ನೆಲಕ್ಕೆ ಊರಬೇಕು. ಊರದಿದ್ದರೆ ಊಟದ ಮಣೆ ಇಡಿ.

ನಮ್ಮಲ್ಲಿ ಬರುವ ಒಬ್ಬ ಹೆಣ್ಣುಮಗಳು ದಿನವೆಲ್ಲ ಹೊಲಿಗೆ ಯಂತ್ರದ ಮುಂದೆ ಬಾಗಿ ಕೂರುವವರು. ಧ್ಯಾನ ತಮಗೆ ಆಗಿಬರುವುದಿಲ್ಲ ಎಂದು ತೀರ್ಮಾನಿಸಿಯೇ ಬಂದಿದ್ದರು. ಕಣ್ಣು ಮುಚ್ಚಿದ ಸ್ವಲ್ಪ ಹೊತ್ತಿಗೇ ಅವರ ತಲೆ ಬಟ್ಟೆ ನೋಡುವವರಂತೆ ಮುಂದಕ್ಕೆ ಬಾಗುತ್ತಿತ್ತು, ಕತ್ತಿನ ಹಿಂಭಾಗ ಬಿಗಿಯುತ್ತಿತ್ತು. ಕುರ್ಚಿಯನ್ನು ಗೋಡೆಗೆ ಒತ್ತಿಟ್ಟು, ಸೊಂಟದ ಹಿಂದೆ ಟವೆಲ್ ಸುರುಳಿ ಕೊಟ್ಟು, ಗದ್ದವನ್ನು ಕೆಳಗೆ ಬಗ್ಗಿಸದೆ ನೇರ ಹಿಂದಕ್ಕೆ ಒಂದು ಬೆರಳಿನಷ್ಟು ಸರಿಸಲು ಹೇಳಿದೆ. ಮುಗಿದ ಮೇಲೆ ಅವರು ಹೇಳಿದ್ದು: "ಸರ್, ಇವತ್ತು ಬರೀ ಬ್ಲೌಸಿನ ಅಳತೆ ನೆನಪಾಯಿತು, ಕತ್ತು ನೆನಪಾಗಲಿಲ್ಲ." ನನಗೆ ಅಷ್ಟು ಸಾಕು. ಅಳತೆಯ ವಿಷಯಕ್ಕೆ ಆಮೇಲೆ ಬರೋಣ.

ಕಾಲು ಜೋಮು ಹಿಡಿಯುವುದು ಎಲ್ಲರ ದೂರು. ರಕ್ತ ನಿಂತುಹೋಯಿತೆಂದು ಹೆದರುತ್ತಾರೆ. ಬಹುತೇಕ ಅದು ಮಂಡಿಯ ಆಸುಪಾಸಿನಲ್ಲೋ ತೊಡೆಯ ಕೆಳಗೋ ನರ ಒತ್ತಿಹೋಗಿ ಆಗುವಂಥದ್ದು. ಎತ್ತರ ಹೆಚ್ಚಿಸಿದರೆ ಕಡಿಮೆಯಾಗುತ್ತದೆ. ಹಿಡಿದೇಬಿಟ್ಟರೆ ಕಾಲು ನೀಡಿ, ಒಂದು ನಿಮಿಷ ಕಾದು, ಆಮೇಲೆ ಏಳಿ. ಜೋಮು ಹಿಡಿದ ಪಾದ ನೆಲವನ್ನು ತಿಳಿಯುವುದಿಲ್ಲ. ತಕ್ಷಣ ಎದ್ದು ಹೆಜ್ಜೆ ಇಟ್ಟರೆ ಮಡಚಿ ಬೀಳುತ್ತೀರಿ. ವಯಸ್ಸಾದವರಿಗೆ ಇದನ್ನು ಮತ್ತೆ ಮತ್ತೆ ಹೇಳುತ್ತೇನೆ.

ಇನ್ನು ನೋವು. ಬೆನ್ನಿನ ಸ್ನಾಯು ಸುಸ್ತಾಗಿ ಸಣ್ಣಗೆ ನೋಯುವುದು, ಎದ್ದು ಎರಡು ಹೆಜ್ಜೆ ಹಾಕಿದರೆ ಹೋಗುವುದು, ಇದು ಅಭ್ಯಾಸವಿಲ್ಲದ ಮೈಯ ಗೊಣಗಾಟ. ಮಂಡಿಯ ಒಳಗೆ ಚುಚ್ಚಿದಂತೆ ಆಗುವುದು, ಎದ್ದ ಮೇಲೂ ಉಳಿಯುವುದು ಬೇರೆ. ಅದನ್ನು ಸಹಿಸುವುದು ತಪಸ್ಸು ಎಂದು ಯಾರಾದರೂ ಹೇಳಿದರೆ ಅವರ ಮಾತು ಬಿಟ್ಟು ಕುರ್ಚಿಗೆ ಬನ್ನಿ, ನೋವು ಹೋಗದಿದ್ದರೆ ಮೂಳೆ ವೈದ್ಯರಿಗೆ ತೋರಿಸಿ.

ತೂಕಡಿಕೆ

ಸಂಜೆ ಮಂಡಕ್ಕಿ ಮಿರ್ಚಿ ಹೊಡೆದು ಏಳೂವರೆಗೆ ಧ್ಯಾನಕ್ಕೆ ಕೂರುವವರಿಗೆ ನಾನು ಹೇಳಲು ಏನೂ ಇಲ್ಲ. ನಮ್ಮೂರಿನವರಿಗೆ ಮಿರ್ಚಿ ಬಿಡಿ ಎನ್ನುವ ಧೈರ್ಯವೂ ನನಗಿಲ್ಲ. ಎರಡು ಗಂಟೆ ಬಿಟ್ಟು ಕುಳಿತುಕೊಳ್ಳಿ, ಅಷ್ಟೇ.

ಹೊಟ್ಟೆ ಖಾಲಿ ಇದ್ದೂ ತೂಕಡಿಕೆ ಬಂದರೆ ರಾತ್ರಿಯ ನಿದ್ದೆಯ ಲೆಕ್ಕ ತೆಗೆಯಿರಿ. ಹನ್ನೆರಡರವರೆಗೆ ಮೊಬೈಲ್ ನೋಡಿ, ಬ್ರಾಹ್ಮೀ ಮುಹೂರ್ತವೆಂದು ನಾಲ್ಕೂವರೆಗೆ ಎದ್ದವರು ತೂಕಡಿಸದೆ ಇನ್ನೇನು ಮಾಡಬೇಕು? ಬಾಕಿ ನಿದ್ದೆಯನ್ನು ಮೈ ವಸೂಲಿ ಮಾಡುತ್ತಿದೆ. ಅಂಥವರಿಗೆ ಒಂದು ವಾರ ಧ್ಯಾನ ಬಿಟ್ಟು ಹತ್ತು ಗಂಟೆಗೆ ಮಲಗಿ ಎಂದೇ ಹೇಳುತ್ತೇನೆ.

ಬುದ್ಧನ ಶಿಷ್ಯರಲ್ಲಿ ಮುಖ್ಯನಾದ ಮೊಗ್ಗಲ್ಲಾನ ಸಾಧನೆಯ ದಿನಗಳಲ್ಲಿ ತೂಕಡಿಸುತ್ತಾ ಕುಳಿತಿದ್ದನಂತೆ. ಬುದ್ಧ ಅವನಿಗೆ ಒಂದು ಸಾಲದಿದ್ದರೆ ಇನ್ನೊಂದು ಎಂದು ಉಪಾಯಗಳನ್ನು ಕೊಟ್ಟ ಪ್ರಸಂಗ ಪಾಲಿ ಗ್ರಂಥಗಳಲ್ಲಿದೆ. ಯಾವ ವಿಚಾರ ಹಿಡಿದಾಗ ನಿದ್ದೆ ಬಂತೋ ಅದನ್ನು ಬಿಡು. ಕೇಳಿದ ಧರ್ಮವನ್ನು ನೆನೆ, ಬಾಯಲ್ಲಿ ಪಠಿಸು. ಆಗಲೂ ಹೋಗದಿದ್ದರೆ ಕಿವಿ ಎಳೆದುಕೊ, ಕೈಕಾಲು ತಿಕ್ಕಿಕೊ. ಎದ್ದು ಕಣ್ಣಿಗೆ ನೀರು ಹಾಕಿಕೊಂಡು ದಿಕ್ಕುಗಳನ್ನೂ ನಕ್ಷತ್ರಗಳನ್ನೂ ನೋಡು. ಬೆಳಕನ್ನು ಮನಸ್ಸಿಗೆ ತಂದುಕೊ. ಹಿಂದೆ ಮುಂದೆ ನಡೆ. ಇದಾವುದೂ ಕೆಲಸಕ್ಕೆ ಬಾರದಿದ್ದರೆ? ಬಲಮಗ್ಗುಲಾಗಿ ಮಲಗಿಬಿಡು, ಎಚ್ಚರವಾದ ಕೂಡಲೇ ಏಳು. ನಿದ್ದೆ ಬಂದದ್ದಕ್ಕೆ ಬೈಗುಳವಿಲ್ಲ, ಪ್ರಾಯಶ್ಚಿತ್ತವಿಲ್ಲ. ಕಿವಿ ಎಳೆದುಕೊಳ್ಳಲು ಹೇಳಿದ ಗುರು ಎಂದ ಮೇಲೆ ಡ್ರಿಲ್ ಮೇಷ್ಟ್ರಿಗೆ ಇಷ್ಟವಾಗದೆ ಇರುತ್ತಾನೆಯೇ?

ನಮ್ಮ ಮಹಡಿಯಲ್ಲಿ ನಡೆಯುವ ಕ್ರಮವೂ ಹೆಚ್ಚು ಬೇರೆಯದಲ್ಲ. ಕಣ್ಣು ಪೂರ್ತಿ ಮುಚ್ಚದೆ ಮೂರು ನಾಲ್ಕು ಅಡಿ ಮುಂದಿನ ನೆಲದ ಮೇಲೆ ನೋಟ ಇಳಿಬಿಡಿ. ಅದೂ ಆಗದಿದ್ದರೆ ಎದ್ದು ನಿಂತೇ ಉಸಿರು ನೋಡಿ. ಅಥವಾ ತಾರಸಿಯ ಮೇಲೆ ಹದಿನೈದು ಹೆಜ್ಜೆ ಆಚೆ, ಹದಿನೈದು ಹೆಜ್ಜೆ ಈಚೆ, ಪಾದ ನೆಲಕ್ಕೆ ತಾಗುವುದನ್ನು ಗಮನಿಸುತ್ತಾ ನಡೆಯಿರಿ. ನಡೆಯುವುದು ಎರಡನೆಯ ದರ್ಜೆಯ ಧ್ಯಾನ ಎಂದು ಎಲ್ಲೂ ಬರೆದಿಲ್ಲ.

ಉದ್ರಿ ಲೆಕ್ಕ

ಇನ್ನು ಮನಸ್ಸಿನ ವಿಷಯ.

ಕಿರಾಣಿ ಅಂಗಡಿ ಇಟ್ಟಿರುವ ಒಬ್ಬರು ಬರುತ್ತಾರೆ. "ಕಣ್ಣು ಮುಚ್ಚಿದರೆ ಸಾಕು, ಉದ್ರಿ ಲೆಕ್ಕ ಶುರುವಾಗುತ್ತದೆ. ಯಾರು ಎಷ್ಟು ಕೊಡಬೇಕು ಎನ್ನುವುದು ಅಂಗಡಿಯಲ್ಲಿ ಪುಸ್ತಕ ನೋಡಿದರೂ ಹೊಳೆಯದ್ದು ಇಲ್ಲಿ ಪೈಸೆ ಸಮೇತ ಹೊಳೆಯುತ್ತದೆ," ಎಂದರು.

"ಲೆಕ್ಕ ನಡೆಯುತ್ತಿದೆ ಎಂದು ನಿಮಗೆ ಯಾವಾಗ ಗೊತ್ತಾಯಿತು?"

"ಮೂರನೆಯ ಗಿರಾಕಿಯ ಹೊತ್ತಿಗೆ."

"ಗೊತ್ತಾದ ಮೇಲೆ ಏನು ಮಾಡಿದಿರಿ?"

"ಛೇ, ಇವತ್ತೂ ಹಾಳಾಯಿತು ಎಂದುಕೊಂಡೆ."

ಅವರ ಧ್ಯಾನ ಹಾಳಾದದ್ದು ಆ "ಛೇ"ಯಲ್ಲಿ. ಲೆಕ್ಕ ಬಂದದ್ದರಿಂದ ಏನೂ ಕೆಟ್ಟಿರಲಿಲ್ಲ. ಮೂರನೆಯ ಗಿರಾಕಿಯ ಬಳಿ ಎಚ್ಚರವಾಯಿತಲ್ಲ, ಆ ಎಚ್ಚರವನ್ನು ತರುವುದಕ್ಕೇ ನಾವು ಕೂರುವುದು. ಗಮನ ಹೋಗುತ್ತದೆ, ಹೋಗಿದ್ದು ತಿಳಿಯುತ್ತದೆ, ವಾಪಸು ಕರೆತರುತ್ತೀರಿ. ಮಕ್ಕಳಿಗೆ ದಂಡ ಹೊಡೆಸುವಾಗ ಕೆಳಗೆ ಹೋದದ್ದು ತಪ್ಪು ಎಂದು ಯಾರೂ ಬೈಯುವುದಿಲ್ಲ, ಕೆಳಗೆ ಹೋಗಿ ಮೇಲೆ ಬಂದರೆ ಒಂದು ದಂಡ. ಹತ್ತು ನಿಮಿಷದಲ್ಲಿ ಮೂವತ್ತು ಸಲ ಹೋಗಿ ಮೂವತ್ತು ಸಲ ಬಂದಿದ್ದರೆ ಆ ದಿನ ಒಳ್ಳೆಯ ಕೆಲಸವೇ ಆಗಿದೆ.

ಮನಸ್ಸು ಅಲೆಯುವುದು ನಿಮ್ಮೊಬ್ಬರ ದೌರ್ಬಲ್ಯವೂ ಅಲ್ಲ. ಹಾರ್ವರ್ಡ್ ವಿಶ್ವವಿದ್ಯಾಲಯದ ಇಬ್ಬರು ಮನಶ್ಶಾಸ್ತ್ರಜ್ಞರು 2010ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ಎರಡು ಸಾವಿರಕ್ಕೂ ಹೆಚ್ಚು ಜನರಿಗೆ ದಿನದ ಯಾವುದೋ ಹೊತ್ತಿನಲ್ಲಿ ಫೋನಿನ ಮೂಲಕ, ಈಗ ಏನು ಮಾಡುತ್ತಿದ್ದೀರಿ, ಮನಸ್ಸು ಅದರಲ್ಲೇ ಇದೆಯೇ ಎಂದು ಕೇಳಿದರು. ಸುಮಾರು 47 ಪ್ರತಿಶತ ಸಂದರ್ಭಗಳಲ್ಲಿ ಮನಸ್ಸು ಬೇರೆಲ್ಲೋ ಇತ್ತು. ಕಣ್ಣು ಮುಚ್ಚಿದ ಮೇಲೆ ಯೋಚನೆ ಜಾಸ್ತಿಯಾಯಿತು ಎಂದು ಹೊಸಬರು ಹೇಳುತ್ತಾರೆ. ಜಾಸ್ತಿಯಾಗಿಲ್ಲ, ಮೊದಲೂ ಅಷ್ಟೇ ಇತ್ತು. ಈಗ ಕಣ್ಣಿಗೆ ಬಿತ್ತು.

ಹಿಡಿಯಲು ಒಂದು ಗೂಟ ಬೇಕು. ನಾನು ಉಸಿರು ಎಣಿಸಲು ಹೇಳುತ್ತೇನೆ. ಉಸಿರು ಹೊರಗೆ ಹೋದಾಗ ಮನಸ್ಸಿನಲ್ಲೇ ಒಂದು, ಮತ್ತೆ ಹೋದಾಗ ಎರಡು, ಹೀಗೆ ಹತ್ತರವರೆಗೆ, ಮತ್ತೆ ಒಂದರಿಂದ. ತಪ್ಪಿದರೆ ಒಂದರಿಂದ. ಎಚ್ಚರವಾದಾಗ ಹದಿನಾರರಲ್ಲಿ ಇದ್ದರೆ ನಕ್ಕು ಒಂದರಿಂದ. ಹತ್ತಕ್ಕೆ ತಲುಪುವುದು ಪರೀಕ್ಷೆಯಲ್ಲ. ಹತ್ತು ತಪ್ಪದೆ ಮುಟ್ಟಿದೆ ಎಂದು ಹೇಳಿಕೊಳ್ಳಲು ಬರುವವರನ್ನು, ಎಣಿಸುತ್ತಾ ಹಿಂದೆ ಬೇರೆ ಯೋಚನೆ ನಡೆಯುತ್ತಿತ್ತೇ ಎಂದು ಕೇಳುತ್ತೇನೆ. ಸಾಮಾನ್ಯವಾಗಿ ನಡೆಯುತ್ತಿರುತ್ತದೆ.

ಕೆಲವರಿಗೆ ಉಸಿರನ್ನು ನೋಡಿದ ಕೂಡಲೇ ಅದು ಬಿಗಿಯುತ್ತದೆ, ಎದೆ ಕಟ್ಟಿದಂತಾಗುತ್ತದೆ. ನೋಡುವ ಬದಲು ನಡೆಸಲು ಹೊರಟಿರುತ್ತಾರೆ. ಉಸಿರನ್ನು ಸರಿಪಡಿಸಲು ಹೋಗಬೇಡಿ. ಅದನ್ನು ಅದರಷ್ಟಕ್ಕೆ ಬಿಟ್ಟು ತೊಡೆಯ ಮೇಲಿರುವ ಅಂಗೈಯ ಬಿಸುಪಿಗೋ ಹೊರಗಿನ ಸದ್ದಿಗೋ ಗಮನ ಕೊಡಿ. ಉಸಿರೇ ಧ್ಯಾನದ ಏಕೈಕ ದಾರಿ ಎಂಬ ನಂಬಿಕೆ ಇತ್ತೀಚೆಗೆ ಜೋರಾಗಿದೆ. ನಮ್ಮ ಕಡೆಯ ಮನೆಗಳಲ್ಲಿ ಇಷ್ಟಲಿಂಗವನ್ನು ಎಡ ಅಂಗೈಯಲ್ಲಿಟ್ಟು ದೃಷ್ಟಿ ಅದರಲ್ಲೇ ನಿಲ್ಲಿಸುವ ಪದ್ಧತಿ ತಲೆಮಾರುಗಳಿಂದ ಇದೆ. ಜೈನರ ಮನೆಯಲ್ಲಿ 48 ನಿಮಿಷದ ಸಾಮಾಯಿಕ ಇದೆ. ಅಜ್ಜಿಯ ಕೈಯಲ್ಲಿ 108 ಮಣಿಯ ಜಪಮಾಲೆ ಇತ್ತು. ಚಿಕ್ಕಂದಿನಿಂದ ಕಂಡದ್ದು ನಿಮ್ಮಲ್ಲಿದ್ದರೆ ಅದನ್ನೇ ಹಿಡಿಯಿರಿ, ಬೇಗ ಒಗ್ಗುತ್ತದೆ. ಒಂದು ಎಚ್ಚರ: ಈ ವಾರ ಜಪ, ಮುಂದಿನ ವಾರ ಉಸಿರು, ಅದರ ಮುಂದಿನ ವಾರ ಯೂಟ್ಯೂಬಿನಲ್ಲಿ ಕಂಡ ಇನ್ನೇನೋ, ಹೀಗೆ ಬದಲಿಸುತ್ತಾ ಹೋದರೆ ಯಾವುದೂ ನೆಲೆಯಾಗುವುದಿಲ್ಲ. ಎರಡು ಮೂರು ತಿಂಗಳು ಒಂದರಲ್ಲೇ ಇರಿ.

ನಿಜವಾಗಿಯೂ ಮಾಡಬೇಕಾದ ಕೆಲಸಗಳ ನೆನಪು ಕಾಡುತ್ತಿದ್ದರೆ ಕೂರುವ ಮೊದಲು ಒಂದು ಚೀಟಿಯಲ್ಲಿ ಬರೆದಿಡಿ: ಗ್ಯಾಸ್ ಬುಕ್ ಮಾಡಬೇಕು, ಮಗಳ ಫೀಸು, ವಿದ್ಯುತ್ ಬಿಲ್ಲು. ಬರೆದಿಟ್ಟದ್ದನ್ನು ಮನಸ್ಸು ಅಷ್ಟಾಗಿ ಜ್ಞಾಪಿಸುವುದಿಲ್ಲ. ಕಿರಾಣಿಯವರು ಈಗ ಉದ್ರಿ ಪುಸ್ತಕವನ್ನು ಹಿಂದಿನ ರಾತ್ರಿಯೇ ಕೂಡಿಸಿ ಮುಚ್ಚಿ ಬರುತ್ತಾರೆ. ವಸೂಲಿಯೂ ಸುಧಾರಿಸಿದೆ ಎಂದು ಹೇಳಿದರು. ಅದರ ಶ್ರೇಯಸ್ಸನ್ನು ಧ್ಯಾನಕ್ಕೆ ಕೊಡಲು ನಾನು ಸಿದ್ಧನಿಲ್ಲ.

ಯಾವ ಹೊತ್ತು, ಎಷ್ಟು ಹೊತ್ತು

ಬ್ರಾಹ್ಮೀ ಮುಹೂರ್ತ ಸೂರ್ಯೋದಯಕ್ಕೆ 96 ನಿಮಿಷ ಮೊದಲು ಶುರುವಾಗಿ 48 ನಿಮಿಷ ಇರುತ್ತದೆ. ಒಳ್ಳೆಯ ಹೊತ್ತು, ತಂಪು, ಸದ್ದಿಲ್ಲ. ಆದರೆ ರಾತ್ರಿ ಪಾಳಿಯ ನರ್ಸಿಗೆ, ಬಸ್ ಚಾಲಕನಿಗೆ, ಮೂರು ಡಬ್ಬಿ ಕಟ್ಟಬೇಕಾದ ತಾಯಿಗೆ ಅದನ್ನು ವಿಧಿಸುವುದು ಅನ್ಯಾಯ. ಮಕ್ಕಳು ಶಾಲೆಗೆ ಹೋದ ಮೇಲೆ ಮನೆ ಖಾಲಿಯಾಗುವ ಹತ್ತು ನಿಮಿಷ ಅನೇಕ ಗೃಹಿಣಿಯರಿಗೆ ಎಲ್ಲ ಮುಹೂರ್ತಗಳಿಗಿಂತ ಚೆನ್ನಾಗಿ ಒದಗಿದೆ. ಹೊತ್ತು ಗಡಿಯಾರದ್ದಾಗಬೇಕಿಲ್ಲ. ಈಗಾಗಲೇ ದಿನವೂ ತಪ್ಪದೆ ಮಾಡುವ ಒಂದು ಕೆಲಸದ ಬೆನ್ನಿಗೆ ಕಟ್ಟಿ: ಹಲ್ಲುಜ್ಜಿದ ಮೇಲೆ, ಚಹಾಕ್ಕೆ ಮೊದಲು, ದೇವರಿಗೆ ದೀಪ ಹಚ್ಚಿದ ಮೇಲೆ. "ಸಮಯ ಸಿಕ್ಕಾಗ" ಎಂದರೆ ಅದು ಸಿಗುವುದಿಲ್ಲ.

ಮೊದಲ ತಿಂಗಳು ಐದು ನಿಮಿಷ. ಇದನ್ನು ಕೇಳಿ ಮುಖ ಸಣ್ಣಗೆ ಮಾಡುವವರು ಬಹಳ, ವಿಶೇಷವಾಗಿ ಗಂಡಸರು. ಅರ್ಧ ಗಂಟೆಯಿಂದ ಶುರುಮಾಡಿದವರ ಜಾಗ ಹದಿನೈದು ದಿನದಲ್ಲಿ ಖಾಲಿಯಾಗುವುದನ್ನು ಕಂಡೇ ಹೇಳುತ್ತಿದ್ದೇನೆ. ಪತಂಜಲಿ ಅಭ್ಯಾಸಕ್ಕೆ ಹಾಕಿದ ಷರತ್ತು ದೀರ್ಘಕಾಲ, ನಿರಂತರವಾಗಿ, ಆದರದಿಂದ ಎಂದು. ಒಂದೊಂದು ಸಲಕ್ಕೆ ಎಷ್ಟು ನಿಮಿಷ ಎಂದು ಅವನು ಹೇಳಿಲ್ಲ.

ನಮ್ಮ ಹಿರಿಯರು ವ್ರತಕ್ಕೂ ಔಷಧಕ್ಕೂ ಒಂದು ಮಂಡಲ, 48 ದಿನ, ಎನ್ನುತ್ತಿದ್ದರು. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನವರು 2010ರ ಒಂದು ಅಧ್ಯಯನದಲ್ಲಿ, ಹೊಸ ಅಭ್ಯಾಸ ತಾನಾಗಿ ನಡೆಯುವಂತಾಗಲು ಸರಾಸರಿ 66 ದಿನ ಬೇಕು ಎಂದು ಕಂಡರು. ಆದರೆ ಒಬ್ಬರಿಂದ ಒಬ್ಬರಿಗೆ ಅದು 18 ದಿನದಿಂದ 254 ದಿನದವರೆಗೂ ವ್ಯತ್ಯಾಸವಾಗುತ್ತದಂತೆ. ಹಾಗಾಗಿ ಪಕ್ಕದ ಮನೆಯವರಿಗೆ ತಿಂಗಳಲ್ಲಿ ಒಗ್ಗಿತೆಂದು ಕೊರಗಬೇಡಿ. ಅದೇ ಅಧ್ಯಯನದ ಇನ್ನೊಂದು ಮಾತು ನನಗೆ ಹೆಚ್ಚು ಇಷ್ಟ: ನಡುವೆ ಒಂದು ದಿನ ತಪ್ಪಿದರೆ ಏನೂ ಕೆಡುವುದಿಲ್ಲ. ಮದುವೆ, ಜ್ವರ, ಊರ ಹಬ್ಬ, ತಪ್ಪುತ್ತದೆ. ಮರುದಿನ ಮಾಮೂಲಿ ಐದು ನಿಮಿಷ ಕುಳಿತುಕೊಳ್ಳಿ. ನಿನ್ನೆಯದನ್ನೂ ಸೇರಿಸಿ ಹತ್ತು ಕೂರುತ್ತೇನೆ ಎನ್ನಬೇಡಿ. ಸಾಲ ತೀರಿಸುವ ಲೆಕ್ಕಕ್ಕೆ ಇಳಿದರೆ ನಾಲ್ಕು ದಿನ ತಪ್ಪಿದವರು ಐದನೆಯ ದಿನ ಬರುವುದೇ ಇಲ್ಲ.

ಮೊಬೈಲನ್ನು ಅಲಾರಾಂಗೆ ಬಳಸುವುದಾದರೆ ಫ್ಲೈಟ್ ಮೋಡಿನಲ್ಲಿಟ್ಟು, ಬೋರಲು ಹಾಕಿ, ಕೈಗೆ ಎಟುಕದಷ್ಟು ದೂರ ಇಡಿ. ಎಷ್ಟು ಹೊತ್ತಾಯಿತು ಎಂದು ನೋಡುವ ಆಸೆಗೆ ಅಷ್ಟು ದೂರ ಬೇಕೇಬೇಕು.

ಸದ್ದಿನ ವಿಷಯ ಒಂದೇ ಮಾತಿನಲ್ಲಿ ಮುಗಿಸುತ್ತೇನೆ. ಕುಕ್ಕರ್ ಕೂಗುತ್ತದೆ, ಕಸದ ಗಾಡಿ ಹಾಡು ಹಾಕಿಕೊಂಡು ಬರುತ್ತದೆ, ಎದುರು ಮನೆಯವರು ಬೈಕ್ ಸ್ಟಾರ್ಟ್ ಮಾಡುತ್ತಾರೆ. ಸದ್ದು ಎಂದು ಗಮನಿಸಿ ಎಣಿಕೆಗೆ ವಾಪಸಾಗಿ. ಮನೆಯವರಿಗೆ ಮಾತ್ರ ಮೊದಲೇ ಹೇಳಿ, ಇಷ್ಟು ಹೊತ್ತು ಕರೆಯಬೇಡಿ ಎಂದು. ಹೇಳದೆ ಬಾಗಿಲು ಹಾಕಿಕೊಂಡರೆ ಅತ್ತೆಗೆ ಒಂದು ಅನುಮಾನ, ಗಂಡನಿಗೆ ಇನ್ನೊಂದು. ಪುಟ್ಟ ಮಕ್ಕಳು ಬಂದು ತೊಡೆಯೇರಿದರೆ ಏರಲಿ, ಅದರ ತೂಕವನ್ನೇ ಗಮನಿಸಿ.

ಬೆಳಕು, ಕಣ್ಣೀರು, ಹೆದರಿಕೆ

ಕೆಲವು ವಾರಗಳ ನಂತರ ಕೆಲವರಿಗೆ ಬಣ್ಣ ಕಾಣುತ್ತದೆ, ಮೈ ಹಗುರಾದಂತೆ ಅಥವಾ ಕೈ ದೊಡ್ಡದಾದಂತೆ ಅನಿಸುತ್ತದೆ, ಇದ್ದಕ್ಕಿದ್ದಂತೆ ಮೈ ಜುಮ್ಮೆಂದು ಅದುರುತ್ತದೆ. ಇದನ್ನು ಕುಂಡಲಿನಿ ಎಂದು ವಾಟ್ಸ್‌ಆ್ಯಪ್‌ನಲ್ಲಿ ಹಾಕುವವರಿದ್ದಾರೆ. ಬಂದದ್ದು ಬರಲಿ, ಹೋಗುವುದು ಹೋಗಲಿ, ನಾಳೆಯೂ ಬರಲಿ ಎಂದು ಕಾಯಬೇಡಿ. ಕಾಯಲು ಶುರುಮಾಡಿದಿರೆಂದರೆ ಎಣಿಕೆ ಬಿಟ್ಟಿತು. ಹುಬ್ಬಿನ ನಡುವೆ ಗಮನ ಇಡಿ ಎಂದದ್ದನ್ನು ಕೇಳಿ ಕಣ್ಣುಗುಡ್ಡೆಯನ್ನು ಬಲವಂತದಿಂದ ಮೇಲಕ್ಕೆ ತಿರುಗಿಸಿ ತಲೆನೋವು ತಂದುಕೊಳ್ಳುವವರೂ ಇದ್ದಾರೆ. ಕಣ್ಣು ಸಡಿಲವಾಗಿರಲಿ.

ಅಳು ಬರುವುದುಂಟು. ದಿನವಿಡೀ ಓಡುತ್ತಿದ್ದವರು ಮೊದಲ ಸಲ ಸುಮ್ಮನೆ ಕುಳಿತಾಗ ಒತ್ತಿಟ್ಟದ್ದು ಮೇಲೆ ಬರುತ್ತದೆ. ಮಹಡಿಯಲ್ಲಿ ಯಾರಾದರೂ ಅತ್ತರೆ ನಾನು ಹತ್ತಿರ ಹೋಗಿ ಸಮಾಧಾನ ಮಾಡುವುದಿಲ್ಲ, ನೀರಿನ ಲೋಟ ಪಕ್ಕದಲ್ಲಿಟ್ಟು ಬರುತ್ತೇನೆ.

ಹೆದರಿಕೆ ಬೇರೆ ವಿಷಯ, ಇಲ್ಲಿ ನಾನು ಗಂಭೀರ. ಕಣ್ಣು ಮುಚ್ಚಿದ ಕೂಡಲೇ ಎದೆ ಹೊಡೆದುಕೊಂಡು ಉಸಿರು ಕಟ್ಟಿದಂತಾದರೆ, ಹಿಂದೆ ನಡೆದ ಕೆಟ್ಟ ಘಟನೆ ಕಣ್ಣ ಮುಂದೆ ಬಂದು ನಿಂತರೆ, ಹಟ ಹಿಡಿದು ಕೂರಬೇಡಿ. ಕಣ್ಣು ತೆರೆಯಿರಿ. ಎದ್ದು ನಿಂತು ಪಾದ ನೆಲಕ್ಕೆ ಒತ್ತಿ. ಕೋಣೆಯಲ್ಲಿ ಕಾಣುವ ಐದು ವಸ್ತುಗಳ ಹೆಸರನ್ನು ಬಾಯಿ ಬಿಟ್ಟು ಹೇಳಿ: ಕಿಟಕಿ, ಫ್ಯಾನು, ಬಕೆಟ್ಟು. ಆ ದಿನಕ್ಕೆ ಅಷ್ಟೇ ಸಾಕು, ಮರುದಿನ ಕಣ್ಣು ತೆರೆದೇ ನಡಿಗೆಯಿಂದ ಶುರುಮಾಡಿ. ಇದು ಮರುಕಳಿಸಿದರೆ, ನಿದ್ದೆ ಪೂರ್ತಿ ಹೋದರೆ, ಇಲ್ಲದ ಧ್ವನಿ ಕೇಳಿದರೆ, ಧ್ಯಾನ ನಿಲ್ಲಿಸಿ ಮನೋವೈದ್ಯರನ್ನು ಕಾಣಬೇಕು. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ಇದೆ, ಕರೆಗೆ ಹಣವಿಲ್ಲ, ಕನ್ನಡದಲ್ಲಿ ಮಾತನಾಡಬಹುದು. ಮನಸ್ಸಿನ ಕಾಯಿಲೆಗೆ ಮಾತ್ರೆ ತೆಗೆದುಕೊಳ್ಳುತ್ತಿರುವವರು ವೈದ್ಯರನ್ನು ಕೇಳಿಯೇ ಶುರುಮಾಡಲಿ. ಧ್ಯಾನ ಮಾಡುತ್ತಿದ್ದೇನೆಂದು ಮಾತ್ರೆ ನಿಲ್ಲಿಸುವುದು, ಅದು ಮನಸ್ಸಿನದಿರಲಿ ಬಿ.ಪಿ.ಯದಿರಲಿ, ಕೂಡದು.

ಹತ್ತು ದಿನದ ವಿಪಶ್ಯನ ಶಿಬಿರಕ್ಕೆ ನೇರವಾಗಿ ಹೋಗಬಹುದೇ ಎಂದು ಯುವಕರು ಕೇಳುತ್ತಾರೆ. ಬೆಳಗ್ಗೆ ನಾಲ್ಕಕ್ಕೆ ಎದ್ದು, ರಾತ್ರಿ ಒಂಬತ್ತರವರೆಗೆ, ಮಾತಿಲ್ಲದೆ, ಮೊಬೈಲಿಲ್ಲದೆ. ಹೋಗಿ ಬಂದು ಬದಲಾದವರನ್ನು ಕಂಡಿದ್ದೇನೆ. ಆದರೂ ದಿನಕ್ಕೆ ಹದಿನೈದು ನಿಮಿಷ ಕೂರಲು ಒಗ್ಗಿದ ಮೈ ಹೊತ್ತುಕೊಂಡು ಹೋದರೆ ಮೊದಲ ಮೂರು ದಿನ ಮಂಡಿಯ ಜೊತೆ ಜಗಳವಾಡುವುದು ತಪ್ಪುತ್ತದೆ.

ಏನೂ ಆಗುತ್ತಿಲ್ಲ ಎನ್ನುವವರಿಗೆ

ಮೂರನೆಯ, ನಾಲ್ಕನೆಯ ವಾರದಲ್ಲಿ ಈ ಮಾತು ಬಂದೇ ಬರುತ್ತದೆ. ಹೊಸತನ ಹೋಗಿರುತ್ತದೆ, ಬೇಸರ ಬಂದಿರುತ್ತದೆ. ಕುಳಿತಾಗ ಏನಾಯಿತು ಎಂದು ಅಳೆಯಬೇಡಿ. ಉಳಿದ ಹೊತ್ತಿನಲ್ಲಿ ನೋಡಿ. ಮಗನಿಗೆ ಗದರುವ ಮೊದಲು ದನಿ ಏರುತ್ತಿರುವುದು ನಿಮಗೇ ಕೇಳಿಸಿತೇ? ಕೇಳಿಸಿಯೂ ಗದರಿದಿರಬಹುದು, ಇರಲಿ. ಸಿಗ್ನಲ್ಲಿನಲ್ಲಿ ಹಾರನ್ನಿಗೆ ಹೋದ ಬೆರಳು ನಿಂತಿತೇ? ಇದನ್ನು ನಿಮಗಿಂತ ಮೊದಲು ಮನೆಯವರು ಕಾಣುತ್ತಾರೆ, ಆದರೆ ಹೇಳುವುದಿಲ್ಲ.

ನಿಮಿಷ ಹೆಚ್ಚಿಸುವುದಕ್ಕೆ ನನ್ನ ಅಳತೆ ಸರಳ. ಅಲಾರಾಂ ಹೊಡೆದಾಗ "ಇಷ್ಟು ಬೇಗವೇ" ಎಂದು ಒಂದು ವಾರದಲ್ಲಿ ಹಲವು ದಿನ ಅನಿಸಿದರೆ ಎರಡು ನಿಮಿಷ ಸೇರಿಸಿ. "ಅಬ್ಬಾ, ಮುಗಿಯಿತು" ಎನಿಸುತ್ತಿದ್ದರೆ ಅಲ್ಲೇ ಇರಿ, ಬೇಕಾದರೆ ಒಂದು ನಿಮಿಷ ಕಡಿಮೆ ಮಾಡಿ. ಹೀಗೆ ಹೋಗಿ ಇಪ್ಪತ್ತು ನಿಮಿಷಕ್ಕೆ ಬರಲು ವರ್ಷವೇ ಹಿಡಿದರೂ ಅವಸರವಿಲ್ಲ.

ಗುರು ಬೇಕೇ ಎಂದು ಕೇಳಿದರೆ, ಐದು ಹತ್ತು ನಿಮಿಷದ ಹಂತಕ್ಕೆ ಬೇಕಿಲ್ಲ. ಅರ್ಧ ಗಂಟೆ ದಾಟುವ ಆಸೆ ಇದ್ದರೆ ನೋಡಿ ತಿದ್ದುವವರು ಒಬ್ಬರು ಇದ್ದರೆ ಒಳ್ಳೆಯದು. ಮಂಡಿ ನೋಯುತ್ತದೆ ಎಂದಾಗ ನಿಮ್ಮ ಹಿಂದಿನ ಜನ್ಮದ ಕರ್ಮ ಎನ್ನುವವರನ್ನು ಬಿಟ್ಟು, ಎಲ್ಲಿ ನೋಯುತ್ತದೆ ತೋರಿಸಿ ಎನ್ನುವವರ ಹತ್ತಿರ ಹೋಗಿ. ಶುಲ್ಕ ಕೇಳುವುದು ತಪ್ಪಲ್ಲ, ಭವನಕ್ಕೆ ಬಾಡಿಗೆ ಇರುತ್ತದೆ, ಕರೆಂಟು ಬಿಲ್ಲು ಇರುತ್ತದೆ. ಆದರೆ ಮೊದಲ ದಿನವೇ ವರ್ಷದ ಹಣ ಒಟ್ಟಿಗೆ ಕಟ್ಟಿ ಎಂದರೆ, ಒಂದು ತಿಂಗಳು ಕುಳಿತು ನೋಡಿ ಹೇಳುತ್ತೇನೆ ಎಂದು ಎದ್ದು ಬನ್ನಿ.